ಬಾಣ ಕಿತ್ತ ಕೂಗು

ನನ್ನ ಸೊಸೆಯನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ನಮ್ಮೂರ ರೈಲು ನಿಲ್ದಾಣದಲ್ಲಿ ಒಮ್ಮೆಯಾದರೂ ಇಳಿದಿದ್ದರೆ ಅವಳ ಮಾತು ಕೇಳಿಯೇ ಇರುತ್ತೀರಿ. ಯಾವ ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಎಷ್ಟು ತಡ, ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ಕಂಬದ ಮೇಲಿನ ಸ್ಪೀಕರಿನಿಂದ ಹೇಳುವವಳು ಅವಳೇ. ಬೀದಿಯವರೆಲ್ಲ ಅವಳನ್ನು ರೈಲಮ್ಮ ಅನ್ನುತ್ತಾರೆ. ತರಕಾರಿಯವನು ಕೂಡ ‘ರೈಲಮ್ಮ, ಇವತ್ತು ಎಷ್ಟು ಲೇಟು?’ ಎಂದು ಕೇಳದೆ ತಕ್ಕಡಿ ಎತ್ತುವುದಿಲ್ಲ.

ಅವಳ ಗಂಟಲಿನ ಬಗ್ಗೆ ನಾನು ಹೇಳುವುದರಲ್ಲಿ ಅರ್ಧ ನಂಬಿದರೂ ಸಾಕು. ಮದುವೆಯಾಗಿ ಬಂದ ಹೊಸತರಲ್ಲಿ ‘ಊಟಕ್ಕೆ ಬನ್ನಿ’ ಎಂದು ಅಡುಗೆಮನೆಯಿಂದ ಒಮ್ಮೆ ಕರೆದಳು ನೋಡಿ, ಹಿಂದಿನ ಬೀದಿಯ ಮೂವರು ಗಂಡಸರು ಕೈ ತೊಳೆದುಕೊಂಡು ಬಂದು ಸಾಲಾಗಿ ಕುಳಿತರು. ಅವರಲ್ಲೊಬ್ಬನಿಗಂತೂ ಎರಡನೇ ಸಲ ಬಡಿಸಿಕೊಂಡ ಮೇಲಷ್ಟೇ ಇದು ತನ್ನ ಮನೆಯಲ್ಲ ಎಂಬುದು ಹೊಳೆದದ್ದು. ಹೊಳೆದ ಮೇಲೂ ಎದ್ದನೇ? ಮಜ್ಜಿಗೆ ಮುಗಿಸಿಯೇ ಎದ್ದ.

ಅವಳ ಗಂಡ, ಅಂದರೆ ನನ್ನ ಮಗ, ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾನೆ. ದಿನವಿಡೀ ಬಂದವರಿಗೆಲ್ಲ ‘ಕೆಳಗಿನ ಸಾಲು ಓದಿ’ ಎಂದು ಹೇಳಿ ಹೇಳಿ ಅವನ ಮಾತು ಅಲ್ಲೇ ಖರ್ಚಾಗಿಬಿಡುತ್ತದೆ. ಮನೆಯಲ್ಲಿ ಅವನದು ‘ಹೂಂ’ ಮತ್ತು ‘ಉಹೂಂ’, ಅಷ್ಟೇ. ಒಬ್ಬಳು ಮಗಳಿದ್ದಾಳೆ, ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಾಳೆ. ಹಾಗಾಗಿ ಮನೆಯ ಮಾತಿನ ಭಾರವೆಲ್ಲ ನನ್ನ ಮೇಲೂ ಸೊಸೆಯ ಮೇಲೂ ಬಿದ್ದಿದೆ. ನಾವಿಬ್ಬರೂ ಹಿಂಜರಿಯುವವರಲ್ಲ.

ಅವಳು ಧ್ವನಿ ಮುದ್ರಿಸುವ ಕೋಣೆಯನ್ನು ಒಮ್ಮೆ ನೋಡಿ ಬಂದಿದ್ದೇನೆ. ದೊಡ್ಡ ಬೀರುವಿನಷ್ಟು ಜಾಗ. ಗೋಡೆಗೆಲ್ಲ ಮೆತ್ತನೆಯ ಸ್ಪಂಜು. ಸದ್ದು ಮಾಡುತ್ತದೆಂದು ಫ್ಯಾನ್ ಇಲ್ಲ, ಬಳೆ ತೆಗೆದಿಡಬೇಕು, ಗರಿಗರಿ ಸೀರೆ ಉಡಬಾರದು. ಹೊಟ್ಟೆ ಗುರ್ ಅಂದರೆ ಅದೂ ದಾಖಲಾಗುತ್ತದೆ. ಆ ಬೀರುವಿನಲ್ಲಿ ನಿಂತು ಅವಳು ಕಾರ್ಟೂನಿನ ಮೊಲವಾಗಿದ್ದಾಳೆ, ಸೋಪಿನ ಪುಡಿಯನ್ನು ಹೊಗಳುವ ಅತ್ತೆಯಾಗಿದ್ದಾಳೆ, ಬಾಲ ಸಿಕ್ಕಿಹಾಕಿಕೊಂಡ ಕತ್ತೆಯಾಗಿದ್ದಾಳೆ. ನಿಲ್ದಾಣದ ಮಾತನ್ನೂ ಅಲ್ಲೇ ತುಂಡು ತುಂಡಾಗಿ ಹೇಳಿ ಕೊಟ್ಟದ್ದು. ‘ಎರಡನೇ’ ಒಂದು ತುಂಡು, ‘ಪ್ಲಾಟ್‌ಫಾರಂಗೆ’ ಇನ್ನೊಂದು. ನಿಲ್ದಾಣದ ಯಂತ್ರ ಅವನ್ನು ಬೇಕಾದಂತೆ ಜೋಡಿಸಿಕೊಳ್ಳುತ್ತದೆ.

ಹೀಗಿರುವಾಗ ಒಂದು ದಿನ ಓಡುತ್ತ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ.

“ಮಾವ, ನಾನು ದಳಪತಿ!”

“ಯಾವ ದಳಕ್ಕಮ್ಮಾ?”

“ವಿಡಿಯೋ ಗೇಮ್ ಮಾವ. ಬೆಟ್ಟದ ಮೇಲೊಂದು ಕೋಟೆ. ಹೊರಗೆ ಹಿಮ. ಶತ್ರುಗಳು ಮುತ್ತಿಗೆ ಹಾಕಿದ್ದಾರೆ. ಇಡೀ ಸೈನ್ಯ ನಡೆಸೋಳು ನಾನೇ. ಮೊಲ ಅಲ್ಲ, ಕತ್ತೆ ಅಲ್ಲ. ಪುಟಗಟ್ಟಲೆ ಮಾತಿದೆ!”

ಆಮೇಲೆ ಕೆಲವು ವಾರ ಮನೆಯೇ ರಣರಂಗ. ಪಾತ್ರೆ ತೊಳೆಯುತ್ತ ‘ಬಿಲ್ಲುಗಾರರೇ, ಕಾಯಿರಿ!’ ಅನ್ನುತ್ತಿದ್ದಳು. ಒಮ್ಮೆ ನಾನು ಪೇಪರ್ ಓದುತ್ತ ಕುಳಿತಿದ್ದಾಗ ‘ಎಡಗಡೆ ಗೋಡೆ ಹಿಡಿಯಿರಿ!’ ಎಂದು ಗುಡುಗಿದಳು. ಪೇಪರ್ ಬಿಸಾಡಿ ಎದ್ದವನು ನಿಜವಾಗಿಯೂ ಎಡಗಡೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಪಕ್ಕದಲ್ಲಿ ನೋಡುತ್ತೇನೆ, ಹಾಲಿನವನೂ ನಿಂತಿದ್ದಾನೆ.

ಆ ಕೆಲಸದಲ್ಲೊಂದು ಪದ್ಧತಿಯಿದೆ. ಮಾತೆಲ್ಲ ಮೊದಲು, ಕೂಗು ಕೊನೆಗೆ. ಕೂಗಿದ ಮೇಲೆ ಗಂಟಲು ಆ ದಿನ ಮತ್ತೆ ಮಾತಿಗೆ ಬಾರದು. ಹಾಗಾಗಿ ಕೊನೆಯ ದಿನ ಸಾಲಾಗಿ ತೆಗೆದುಕೊಳ್ಳುತ್ತಾರೆ: ಬಿದ್ದದ್ದು, ಎದ್ದದ್ದು, ಕತ್ತಿಯೇಟು ತಿಂದದ್ದು, ಬಾಣ ತಗುಲಿದ್ದು, ಆ ಬಾಣವನ್ನು ಕಿತ್ತದ್ದು. ಯಾವ ಕೂಗು ಆಟದಲ್ಲಿ ಎಲ್ಲಿ ಬರುತ್ತದೆ ಎಂದು ಕೂಗುವವಳಿಗೆ ತೋರಿಸುವುದಿಲ್ಲ, ಹೆಸರಷ್ಟೇ ಹೇಳುತ್ತಾರೆ. ‘ಮೇಡಂ, ಬಾಣ ಕಿತ್ತದ್ದು ಕೊಡಿ’ ಅಂದರೆ ಕೊಡಬೇಕು. ಕೊಟ್ಟಳು. ಗಾಜಿನಾಚೆ ಕುಳಿತಿದ್ದ ಧ್ವನಿ ಎಂಜಿನಿಯರ್ ಕಿವಿಯ ಹೆಡ್‌ಫೋನ್ ತೆಗೆದು ಕೆಳಗಿಟ್ಟು, ತನ್ನ ಭುಜವನ್ನೇ ಒಮ್ಮೆ ಮುಟ್ಟಿ ನೋಡಿಕೊಂಡನಂತೆ. ಅವಳಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಆಟ ಮಾರುಕಟ್ಟೆಗೆ ಬಂತು, ಒಂದು ಮಟ್ಟಿಗೆ ಓಡಿತು. ಮರುವರ್ಷ ಅದನ್ನು ತಯಾರಿಸಿದ ಕಂಪನಿಗೆ ಹೊಸ ಮ್ಯಾನೇಜರ್ ಬಂದ. ಅವನ ನಿಜವಾದ ಹೆಸರು ನನಗೆ ಬೇಕಿಲ್ಲ. ನಾನು ಇಟ್ಟಿರುವ ಹೆಸರು ಬಿಸಿನೀರಪ್ಪ. ಯಾಕೆಂದು ಕೇಳಿ.

ಕೋಟೆಯ ಹೆಬ್ಬಾಗಿಲು ಮುರಿಯುತ್ತಿದೆ. ಹೊರಗೆ ಮೊಣಕಾಲುದ್ದ ಹಿಮ. ದಳಪತಿಯ ಭುಜಕ್ಕೆ ಈಗಷ್ಟೇ ಬಾಣ ತಗುಲಿದೆ. ಇಂಥ ಹೊತ್ತಿನಲ್ಲಿ ಒಬ್ಬ ದಳಪತಿ ಏನು ಮಾಡಬೇಕು? ಬಿಸಿನೀರಪ್ಪನ ಪ್ರಕಾರ ಸ್ನಾನ ಮಾಡಬೇಕು! ಕೋಟೆಯ ನಡುವೆ ಒಂದು ಬಿಸಿನೀರಿನ ಕೊಳ ಉದ್ಭವವಾಯಿತು. ಆಕೆ ಕವಚ ಬಿಚ್ಚಿ, ಕವಚದ ಒಳಗಿನದನ್ನೂ ಬಿಚ್ಚಿ, ಅದರಲ್ಲಿ ಇಳಿದಳು. ಮೈಯಲ್ಲಿ ಗಾಯದ ಗುರುತಿಲ್ಲ, ಬಾಣ ಎಲ್ಲಿ ಹೋಯಿತೋ ಅದನ್ನು ಬಿಟ್ಟವನಿಗೇ ಗೊತ್ತು. ಆಟಗಾರರು ಬಾಗಿಲ ಕಡೆ ಹೊರಟರೆ ಮಾತ್ರ ಆಕೆ ಎದ್ದು ಕವಚ ತೊಡುತ್ತಾಳೆ. ಅಲ್ಲಿಯವರೆಗೆ ನೆನೆಯುತ್ತಾಳೆ, ನೆನೆಯುತ್ತ ಕೂಗುತ್ತಾಳೆ. ನಮ್ಮ ಮನೆಯಲ್ಲಿ ನೀರು ಕಾಯಲು ಇಟ್ಟು ಮರೆತರೆ ಬೈಸಿಕೊಳ್ಳಬೇಕು. ಅಲ್ಲಿ ಯುದ್ಧ ಮರೆತರೆ ಲಾಭ.

ಆಟಗಾರರು ಹೊರಟರೇ? ಯಾರು ಹೊರಡುತ್ತಾರೆ! ಕತ್ತಿ ಕೆಳಗಿಟ್ಟು ಕೊಳದ ಸುತ್ತ ನಿಂತರು. ಹಿಂದಿನಿಂದ ನೋಡಿದರು, ಮುಂದಿನಿಂದ ನೋಡಿದರು, ಕ್ಯಾಮೆರಾವನ್ನು ನೀರೊಳಗೂ ಇಳಿಸಿ ನೋಡಿದರು. ಅಷ್ಟರಲ್ಲಿ ಶತ್ರುಗಳು ಬಾಗಿಲು ಮುರಿದು ಒಳನುಗ್ಗಿ ಈ ಶೂರರನ್ನೆಲ್ಲ ನಿಂತಲ್ಲೇ ಕಡಿದರು. ಕಡಿಸಿಕೊಂಡವರು ಮತ್ತೆ ಮೊದಲಿನಿಂದ ಆಡಿ, ಮತ್ತೆ ಕೊಳಕ್ಕೆ ಬಂದು, ಮತ್ತೆ ನಿಂತು, ಮತ್ತೆ ಕಡಿಸಿಕೊಂಡರು. ಕುರಿಗಾದರೂ ಕಟುಕನ ಕೈ ನೋಡಿದಾಗ ಸ್ವಲ್ಪ ಅನುಮಾನ ಬರುತ್ತದೆ. ಊರಿನ ಇಷ್ಟೊಂದು ಗಂಡುಹುಡುಗರು, ಲೆಕ್ಕ ಓದುವವರು, ಕಾನೂನು ಓದುವವರು, ದಾಡಿಗೆ ಎಣ್ಣೆ ಹಚ್ಚುವವರು, ಬಣ್ಣದ ಚುಕ್ಕೆಗಳಿಂದ ಮಾಡಿದ ಒಂದು ಬೆನ್ನನ್ನು ನೋಡುತ್ತ ದಿನಾ ಸಾಯುತ್ತಿದ್ದರು. ಆ ಕೋಟೆ ಒಮ್ಮೆಯೂ ಉಳಿಯಲಿಲ್ಲ.

ನನಗಾಗಲಿ ಸೊಸೆಗಾಗಲಿ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತಾದದ್ದು ನಿಲ್ದಾಣದ ಅಧಿಕಾರಿ ಸೊಸೆಯನ್ನು ಕರೆಸಿದಾಗ. ಆತ ಒಳ್ಳೆಯ ಮನುಷ್ಯ. ಟೋಪಿ ತೆಗೆದರೆ ಮಾತು ಬಾರದು, ಹಾಗಾಗಿ ಟೋಪಿ ಹಾಕಿಕೊಂಡೇ ಹೇಳಿದ.

“ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮ ಮಾತು ಬಂದ ಕೂಡ್ಲೇ ಎರಡನೇ ಪ್ಲಾಟ್‌ಫಾರಂನಲ್ಲಿ ಹುಡುಗರು ಕೂಗ್ತಾರೆ. ರೈಲು ಯಾವ ಕಡೆ ಬರುತ್ತೆ ಅನ್ನೋದೇ ಜನಕ್ಕೆ ಕೇಳಿಸ್ತಿಲ್ಲ. ಮೊನ್ನೆ ಒಬ್ರು ಅಜ್ಜಿ ತಪ್ಪು ಗಾಡಿ ಹತ್ತಿ ಹೋಗ್ಬಿಟ್ರು. ಮೇಲಿನವರು ಕಂಪ್ಯೂಟರ್ ಧ್ವನಿ ಹಾಕಿ ಅಂತಿದ್ದಾರೆ.”

“ನನ್ನ ಮಾತು ತೆಗೆದುಬಿಡ್ತೀರಾ?”

“ತಿಂಗಳ ಕೊನೇವರೆಗೆ ಇರ್ಲಿ. ಗಲಾಟೆ ನಿಂತ್ರೆ ಸರಿ. ಇಲ್ದಿದ್ರೆ ನನ್ನ ಕೈಲಿಲ್ಲ.”

ಅವಳು ಆ ಪ್ಲಾಟ್‌ಫಾರಂಗೆ ಹೋಗಿ ನಿಂತಳು. ಕಾಲೇಜು ಮುಗಿಸಿ ಗೇಮ್ ಅಂಗಡಿಗೆ ಹೋಗಿ, ಅಲ್ಲಿಂದ ರೈಲಿಗೆ ಬರುವ ಒಂದು ಗುಂಪು ಕಂಬದ ಬಳಿ ನೆರೆದಿತ್ತು. ಅವರ ಮುಂದಾಳು ಒಬ್ಬ ಉದ್ದನೆಯವನು. ಕೈಯಲ್ಲಿ ಏನೂ ಇಲ್ಲದಿದ್ದರೂ ಅವನ ಹೆಬ್ಬೆರಳು ಗುಂಡಿ ಒತ್ತುತ್ತಲೇ ಇರುತ್ತದೆ. ಹಾಗಾಗಿ ಅವನು ಹೆಬ್ಬೆರಳಣ್ಣ. ಸ್ಪೀಕರು ‘ಪ್ರಯಾಣಿಕರ ಗಮನಕ್ಕೆ’ ಅಂದಿತೋ ಇಲ್ಲವೋ, ಹೆಬ್ಬೆರಳಣ್ಣ ಕಣ್ಣು ಮುಚ್ಚಿ ಕತ್ತು ಹಿಂದಕ್ಕೆ ಹಾಕಿ ಒಂದು ಕೂಗು ಹಾಕಿದ. ಗುಂಪು ಶಿಳ್ಳೆ ಹೊಡೆಯಿತು. ‘ಬಿಸಿನೀರು! ಬಿಸಿನೀರು!’ ಅಂದಿತು. ಆಮೇಲೆ ಅದೇ ಹೆಬ್ಬೆರಳಣ್ಣ ತಿರುಗಿ ನೋಡಿ, ಬೆಂಚಿನ ಮೇಲಿದ್ದ ತನ್ನ ಚೀಲ ಎತ್ತಿಕೊಂಡು, “ಕೂತ್ಕೊಳ್ಳಿ ಆಂಟಿ, ಗಾಡಿ ಲೇಟು” ಎಂದು ಅವಳಿಗೇ ಜಾಗ ಬಿಟ್ಟುಕೊಟ್ಟ! ಮೇಲಿನ ಸ್ಪೀಕರಿನಲ್ಲಿರುವುದೂ ಒಂದು ಮನುಷ್ಯಜೀವವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೂ ತಿಳಿಯಬೇಕಾದ ವಯಸ್ಸೇ ಅವನದು.

ಮನೆಗೆ ಬಂದವಳು ಗಂಡನ ಮುಂದೆ ನಿಂತಳು.

“ರೀ, ಬಿಸಿನೀರು ಅಂದ್ರೇನು?”

ನನ್ನ ಮಗ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ.

“ನಿಮಗೆ ಗೊತ್ತಿತ್ತಾ?”

“ಹೂಂ,” ಅಂದ. ಕನ್ನಡಕ ಮೇಜಿನ ಮೇಲಿಟ್ಟು, “ಅಂಗಡಿಗೆ ಬರೋ ಹುಡುಗರು ಫೋನಲ್ಲಿ ತೋರಿಸಿಕೊಂಡು ನಗ್ತಿದ್ರು. ನಿನ್ನ ಧ್ವನಿ ಗುರುತು ಸಿಗ್ತು. ಹೇಗೆ ಹೇಳ್ಲಿ ಅಂತ ತಿಳೀಲಿಲ್ಲ,” ಅಂದ. ಮದುವೆಯಾದಾಗಿನಿಂದ ಅವನು ಒಂದೇ ಉಸಿರಿನಲ್ಲಿ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಫೋನಿನಲ್ಲಿ ಹುಡುಕಿ ತೋರಿಸಿದ. ಅವಳು ನೋಡಿದಳು. ಪೂರ್ತಿ ನೋಡಲಿಲ್ಲ, ಆದರೆ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

“ಇದು ಬಾಣ ಕಿತ್ತದ್ದು,” ಅಂದಳು ಮೆಲ್ಲಗೆ. “ಬಾಣ ಕಿತ್ತ ಕೂಗನ್ನ ತಂದು ಇಲ್ಲಿ ಅಂಟಿಸಿದ್ದಾರೆ.”

ಮರುದಿನ ಕಂಪನಿಗೆ ಹೊರಟಳು. ಜೊತೆಗೆ ನಾನೂ ಹೋದೆ. ಟೈಲ್ಸ್ ಅಂಗಡಿಯ ಮೇಲಿನ ಮಹಡಿ. ಬಿಸಿನೀರಪ್ಪ ನಮ್ಮನ್ನು ಗಾಳಿ ತುಂಬಿದ ಸೋಫಾದ ಮೇಲೆ ಕೂರಿಸಿದ. ಅದರಲ್ಲಿ ಕುಳಿತರೆ ಮೊಣಕಾಲು ಗಲ್ಲಕ್ಕೆ ತಗುಲುತ್ತದೆ, ಸಿಟ್ಟು ಮಾಡಲು ಆಗುವುದೇ ಇಲ್ಲ. ಅದಕ್ಕೇ ಇಟ್ಟಿದ್ದಾರೋ ಏನೋ.

“ಸೂಪರ್ ಹಿಟ್ ಮೇಡಂ ನೀವು!” ಅಂದ. “ಕೊಳದ ಹತ್ರ ಜನ ಎಷ್ಟು ಹೊತ್ತು ಇರ್ತಾರೆ ಗೊತ್ತಾ? ಈ ಗ್ರಾಫ್ ನೋಡಿ.”

“ಅಲ್ಲಿಂದ ಮುಂದೆ ಎಷ್ಟು ಜನ ಹೋಗ್ತಾರೆ?”

“ಮುಂದೆ ಯಾಕೆ ಹೋಗ್ಬೇಕು?”

“ಮುಂದೆ ಕಥೆ ಇದೆಯಪ್ಪ. ಕೋಟೆ ಉಳಿದ ಮೇಲೆ ನಾನು ಸತ್ತವರನ್ನೆಲ್ಲ ನೆನೆಸ್ಕೊಂಡು ಮಾತಾಡ್ತೀನಲ್ಲ, ಅದು ಯಾರಾದ್ರೂ ಕೇಳಿದ್ದಾರಾ?”

ಬಿಸಿನೀರಪ್ಪ ಗ್ರಾಫನ್ನು ಸರಿಸಿ ಸರಿಸಿ ಹುಡುಕಿದ. “ಅಲ್ಲಿಗೆ ಬರೋ ಜನ ಎಷ್ಟು ಕಮ್ಮಿ ಅಂದ್ರೆ ಗೆರೆನೇ ಕಾಣಿಸ್ತಿಲ್ಲ,” ಅಂದ ಹೆಮ್ಮೆಯಿಂದ.

“ಆ ಕೂಗು ಅಲ್ಲಿಂದ ತೆಗೀರಿ. ಅದು ನೋವಿನ ಕೂಗು.”

“ಯಾರಿಗೆ ಗೊತ್ತಾಗುತ್ತೆ ಮೇಡಂ? ಕಣ್ಣು ಒಂದನ್ನ ನೋಡ್ತಿದ್ರೆ ಕಿವೀನೂ ಅದನ್ನೇ ಕೇಳಿಸ್ಕೊಳ್ಳುತ್ತೆ. ಎಲ್ಲಾ ಕೂಗೂ ನಮಗೆ ಕೊಟ್ಟಾಗಿದೆ, ಎಲ್ಲಿ ಬೇಕಾದ್ರೂ ಹಾಕ್ಕೋಬಹುದು.”

“ಸ್ಟೇಷನ್‌ನವರೂ ನನ್ನ ಮಾತನ್ನ ತುಂಡು ಮಾಡಿ ಜೋಡಿಸ್ತಾರೆ. ಆದ್ರೆ ಮೂರನೇ ಪ್ಲಾಟ್‌ಫಾರಂಗೆ ಬರೋ ಗಾಡೀನ ಒಂದನೇದಕ್ಕೆ ಅಂತ ಹೇಳಿಸಿಲ್ಲ ನನ್ನ ಕೈಲಿ.”

ಅವನಿಗೆ ಅದು ತಮಾಷೆಯಾಗಿ ಕೇಳಿಸಿರಬೇಕು, ನಕ್ಕ. “ಎರಡನೇ ಭಾಗ ಮಾಡ್ತಿದ್ದೀವಿ ಮೇಡಂ. ನೀವೇ ಬೇಕು. ಮಾತೇ ಇಲ್ಲ, ಬಾಯಿಪಾಠದ ತೊಂದರೆ ಇಲ್ಲ. ಬರೀ ಉಸಿರು. ಎರಡು ಕೊಳ ಇಟ್ಟಿದ್ದೀವಿ!”

ನಾನು ಸೋಫಾದಿಂದ ಏಳಲು ನೋಡಿದೆ. ಸೋಫಾ ಬಿಡಲಿಲ್ಲ. ಕೊನೆಗೆ ಸೊಸೆಯೇ ನನ್ನ ಎರಡೂ ಕೈ ಹಿಡಿದು ಎಬ್ಬಿಸಿ, “ಬನ್ನಿ ಮಾವ, ಇಲ್ಲಿ ನೀರು ತಣ್ಣಗಾಗೋದಿಲ್ಲ,” ಎಂದು ಕರೆದುಕೊಂಡು ಬಂದಳು.

ಎರಡು ದಿನ ಅವಳು ಮಾತಾಡಲಿಲ್ಲ. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ನಮ್ಮ ಮನೆಯಲ್ಲೊಂದು ಗಡಿಯಾರವಿದೆ ಎಂಬುದೇ ನನಗೆ ಮರೆತುಹೋಗಿತ್ತು. ಮೂರನೆಯ ದಿನ ಮಧ್ಯಾಹ್ನ ತಲೆ ಬಾಚಿಕೊಂಡು, “ಮಾವ, ಗೇಮ್ ಅಂಗಡಿಗೆ ಹೋಗ್ಬರೋಣ,” ಅಂದಳು.

ಅಂಗಡಿ ನಿಲ್ದಾಣದ ಹಿಂದಿನ ಬೀದಿಯಲ್ಲಿದೆ. ಕಿಟಕಿಗೆಲ್ಲ ಕಪ್ಪು ಕಾಗದ, ಒಳಗೆ ನೀಲಿ ಬೆಳಕು, ಬೆವರು ಮತ್ತು ಚಿಪ್ಸಿನ ವಾಸನೆ. ಹುಡುಗರು ಸಾಲಾಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೆನ್ನು ಬಗ್ಗಿಸಿ, ಬಾಯಿ ಸ್ವಲ್ಪ ತೆರೆದುಕೊಂಡು ಕುಳಿತಿದ್ದರು. ದಂತವೈದ್ಯರ ಕಾಯುವ ಕೋಣೆಯೇ ಹೌದು. ಆ ಆಟದಲ್ಲಿ ಐದು ಜನರ ತಂಡ, ಒಬ್ಬರಿಗೊಬ್ಬರು ಮೈಕಿನಲ್ಲಿ ಮಾತಾಡಬಹುದು. ಹೆಬ್ಬೆರಳಣ್ಣನ ತಂಡದಲ್ಲಿ ಅಂದು ನಾಲ್ವರಿದ್ದರು. ಒಂದು ಜಾಗ ಖಾಲಿ.

“ಆ ಜಾಗ ನನಗೆ ಕೊಡಪ್ಪ,” ಎಂದಳು ಸೊಸೆ ಅಂಗಡಿಯವನಿಗೆ.

ಅವನು ಅವಳನ್ನು ನೋಡಿದ, ನನ್ನ ಕೋಲನ್ನು ನೋಡಿದ. “ಆಡಕ್ಕೆ ಬರುತ್ತಾ ಮೇಡಂ?”

“ಬರೋದಿಲ್ಲ. ಮಾತಾಡಕ್ಕೆ ಬರುತ್ತೆ.”

“ಆಟಗಾರರ ಹೆಸರು ಏನಂತ ಹಾಕ್ಲಿ?”

“ಬಾಗಿಲು ಅಂತ ಹಾಕು.”

ಹುಡುಗರ ಪರದೆಗಳೆಲ್ಲ ಕಾಣುವಂಥ ಮೂಲೆಯಲ್ಲಿ ಕುಳಿತಳು. ಅವಳ ಸೈನಿಕ ಅರ್ಧ ಹೊತ್ತು ಹೆಬ್ಬಾಗಿಲ ಬಳಿಯ ಗೋಡೆಗೆ ಮುಖ ಒತ್ತಿಕೊಂಡು ಓಡುತ್ತಿದ್ದ, ಇನ್ನರ್ಧ ಹೊತ್ತು ತನ್ನದೇ ಕತ್ತಿಯನ್ನು ಕೆಳಗೆ ಹಾಕಿ ಹುಡುಕುತ್ತಿದ್ದ. ಉಳಿದ ನಾಲ್ವರು ದಡಬಡನೆ ಶತ್ರುಗಳನ್ನು ಕಡಿಯುತ್ತ ಕೊಳಕ್ಕೆ ಬಂದು ಮುಟ್ಟಿದರು. ಮುಟ್ಟಿದ್ದೇ ತಡ, ನಾಲ್ಕು ಕುರ್ಚಿಗಳೂ ಒಟ್ಟಿಗೆ ಮುಂದಕ್ಕೆ ಜರುಗಿದವು. ಕೊಳದಲ್ಲಿ ಆಕೆ ಇಳಿದಳು. ಕೂಗಿದಳು. ನಾಲ್ವರೂ ನಿಂತರು.

ಆಗ ನನ್ನ ಸೊಸೆ ಮೈಕನ್ನು ಬಾಯಿಯ ಹತ್ತಿರ ತಂದುಕೊಂಡಳು.

“ಹೆಬ್ಬಾಗಿಲು ಬಿಟ್ಟು ಬಂದವರು ಯಾರು?”

ನಾಲ್ಕು ತಲೆಗಳು ಚಕ್ಕನೆ ನೆಟ್ಟಗಾದವು.

“ಕಿವಿ ಕೇಳಿಸೋದಿಲ್ವಾ? ಬಾಗಿಲು ಮುರೀತಿದೆ. ಕೊಳದ ಎಡಗಡೆ ನಿಂತಿರೋನು, ಕತ್ತಿ ಎತ್ಕೋ. ಬಂಡೆ ಮೇಲೆ ಹತ್ತಿ ಬಗ್ಗಿ ನೋಡ್ತಿರೋನು, ನಿನಗೇ ಹೇಳಿದ್ದು, ಇಳಿ!”

“ಲೇ!” ಎಂದ ಹೆಬ್ಬೆರಳಣ್ಣ. “ಹೊಸ ಅಪ್‌ಡೇಟ್ ಕಣ್ರೋ! ನಾವು ಎಲ್ಲಿ ನಿಂತಿದ್ದೀವಿ ಅಂತಾನೂ ಹೇಳ್ತಾಳೆ!”

“ಬೈತಾಳೆ ಕಣೋ! ಗ್ರಾಫಿಕ್ಸೂ ಜೋರಾಗಿದೆಯೇನೋ!”

“ಮಾತು ಸಾಕು. ಬಿಲ್ಲುಗಾರರು ಮೆಟ್ಟಿಲ ಮೇಲೆ. ಉಳಿದವರು ಬಾಗಿಲಿಗೆ. ನಡೀರಿ!”

ನಡೆದರು. ಕೋಟಿಗಟ್ಟಲೆ ಸುರಿದು ಮಾಡಿದ ಆಟ ನುಡಿಯುತ್ತಿದೆ ಎಂದುಕೊಂಡು ನಡೆದರು. ಅವರು ಹೊರಟ ಕೂಡಲೇ ಕೊಳದಲ್ಲಿದ್ದವಳೂ ಎದ್ದು ಕವಚ ತೊಟ್ಟು ಹಿಂದೆ ಬಂದಳು. ಬಾಗಿಲ ಬಳಿ ಹೊಯ್ಕೈ ನಡೆಯಿತು. ನನ್ನ ಸೊಸೆಯ ಸೈನಿಕನೂ ಅಲ್ಲೇ ಗೋಡೆಗೆ ಮುಖ ಕೊಟ್ಟು ಓಡುತ್ತಿದ್ದನಲ್ಲ, ಹಾಗೆ ಓಡುತ್ತಲೇ ಒಬ್ಬ ಶತ್ರುವನ್ನು ಮೂಲೆಗೆ ಅಮುಕಿ ಕೊಂದ. ಬೇಕೆಂದು ಕೊಂದದ್ದಲ್ಲ. ಆದರೆ ಸತ್ತವನು ಸತ್ತದ್ದು ನಿಜ.

ಕೋಟೆ ಉಳಿಯಿತು. ಪರದೆಯ ಮೇಲೆ ಬೆಳಗಾಯಿತು. ದಳಪತಿ ಮುರಿದ ಬಾಗಿಲ ಮೇಲೆ ಕುಳಿತು ಸತ್ತವರ ಬಗ್ಗೆ ಒಬ್ಬೊಬ್ಬರಾಗಿ ಮಾತಾಡತೊಡಗಿದಳು. ಬಾವಿಯ ಕಾವಲಿನವನು ಬೆಕ್ಕಿಗೆ ಹೆದರುತ್ತಿದ್ದದ್ದು, ರೊಟ್ಟಿ ಸುಡುವವಳು ಕೊನೆಯ ರೊಟ್ಟಿಯನ್ನು ಅರ್ಧ ಮಾಡಿ ಯಾರಿಗೂ ಕಾಣದಂತೆ ಕಾವಲುಗಾರನ ಚೀಲಕ್ಕೆ ಹಾಕಿದ್ದು. ಮೂಲೆಯಲ್ಲಿ ಕುಳಿತ ನನ್ನ ಸೊಸೆಯ ತುಟಿಗಳು ಆ ಮಾತಿನ ಜೊತೆಗೇ ಸದ್ದಿಲ್ಲದೆ ಆಡುತ್ತಿದ್ದವು. ಅದನ್ನು ಹೇಳಿ ಕೊಟ್ಟು ಎರಡು ವರ್ಷವಾಗಿತ್ತು. ಒಬ್ಬರು ಕೇಳಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ಇದು ಇಷ್ಟು ದಿನ ಎಲ್ಲಿತ್ತೋ?” ಎಂದ ಹೆಬ್ಬೆರಳಣ್ಣ. ಅವನ ಹೆಬ್ಬೆರಳು ನಿಂತಿತ್ತು.

“ಇಲ್ಲೇ ಇತ್ತಪ್ಪ,” ಎಂದಳು ಸೊಸೆ. ಹೆಡ್‌ಫೋನ್ ತೆಗೆದು ಎದ್ದು ನಿಂತಿದ್ದಳು. ಈಗ ಮೈಕಿರಲಿಲ್ಲ, ಅದೇ ಧ್ವನಿ ಕೋಣೆಯಲ್ಲೇ ಕೇಳಿಸಿತು. ಹುಡುಗರು ಮೊದಲು ಪರದೆ ನೋಡಿದರು, ಆಮೇಲೆ ಅವಳನ್ನು, ಮತ್ತೆ ಪರದೆಯನ್ನು.

“ಆಂಟಿ... ಸ್ಟೇಷನ್‌ನಲ್ಲಿ...”

“ಹೌದು, ಬೆಂಚು ಬಿಟ್ಟುಕೊಟ್ಟೆಯಲ್ಲ, ಅದೇ ಆಂಟಿ. ಸ್ಪೀಕರಿನಲ್ಲಿರೋಳೂ ನಾನೇ, ಆ ನೀರಲ್ಲಿ ಕೂಗೋಳೂ ನಾನೇ. ಅದು ಸ್ನಾನದ ಕೂಗಲ್ಲ, ಭುಜದಿಂದ ಬಾಣ ಕಿತ್ತ ಕೂಗು. ನನಗೆ ಯಾವತ್ತೂ ಬಾಣ ತಗುಲಿಲ್ಲ. ಹಾಗಾಗಿ ನನ್ನ ಮಗಳು ಹುಟ್ಟಿದ ಹೊತ್ತನ್ನ ನೆನೆಸ್ಕೊಂಡು ಕೂಗಿದೆ. ನೀನೂ ದಿನಾ ಅದನ್ನ ಕೂಗ್ತೀಯ. ಪರವಾಗಿಲ್ಲ, ಚೆನ್ನಾಗೇ ಕೂಗ್ತೀಯ. ಆದ್ರೆ ಕೊನೇಲಿ ಉಸಿರನ್ನ ತಪ್ಪು ಜಾಗದಲ್ಲಿ ಬಿಡ್ತೀಯ. ನೋವಿನಲ್ಲಿರೋರು ಹಾಗೆ ಬಿಡೋದಿಲ್ಲ.”

ಆ ಕೂಗನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಮರದ ಬೆಂಚಿನ ಮೇಲೆ ಕುಳಿತು ನಾನೂ ಕೇಳಿದ್ದೆ. ನನ್ನ ಮಗ ಪಕ್ಕದಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ಅವನು ಫೋನಿನಲ್ಲಿ ತೋರಿಸಿದಾಗ ನಾನು ಅದನ್ನು ಗುರುತಿಸಲಿಲ್ಲ. ಕಣ್ಣಿನ ಹಿಂದೆ ಕಿವಿ ಹೋಗುತ್ತದೆ ಎಂದು ಬಿಸಿನೀರಪ್ಪ ಹೇಳಿದ್ದು ನನ್ನ ಕಿವಿಯ ಮಟ್ಟಿಗೂ ಸರಿಯಾಗಿಯೇ ಇತ್ತು.

ಹುಡುಗರೆಲ್ಲ ಅಂದೇ ಸಾಧುಗಳಾದರು ಎಂದು ನಾನು ಹೇಳುವುದಿಲ್ಲ. ನನ್ನ ಸುಳ್ಳಿಗೂ ಒಂದು ಮಿತಿಯಿದೆ. ಇಬ್ಬರು ಆ ಅಂಗಡಿ ಬಿಟ್ಟು ಇನ್ನೊಂದು ಅಂಗಡಿಗೆ ಹೋಗತೊಡಗಿದರು, ಅಲ್ಲಿಯೂ ಒಂದು ಕೊಳವಿತ್ತು. ‘ಬೈಯುವ ಅಪ್‌ಡೇಟ್’ ಬೇಕೆಂದು ಊರೂರಿನಿಂದ ಆಟಗಾರರು ಕೇಳುತ್ತಿದ್ದಾರೆ, ಬಂದು ಒಂದಷ್ಟು ಬೈದು ಹೋಗಿ ಎಂದು ಬಿಸಿನೀರಪ್ಪ ಸೊಸೆಗೆ ಫೋನ್ ಮಾಡಿದ. ಬಯ್ಯುವುದು ಬೇಕಿದ್ದರೆ ಪುಕ್ಕಟೆಯಾಗಿ ಅವನಿಗೊಬ್ಬನಿಗೇ ಬಯ್ಯುತ್ತೇನೆ ಎಂದು ಹೇಳಿ, ಹೇಳಿದಂತೆಯೇ ಬೈದು ಫೋನ್ ಇಟ್ಟಳು. ಎರಡನೇ ಭಾಗಕ್ಕೆ ಅವನು ಯಂತ್ರದಿಂದಲೇ ಉಸಿರು ತೆಗೆಸಿದ. ಚೆನ್ನಾಗಿ ಓಡುತ್ತಿದೆಯಂತೆ. ಉಸಿರೇ ಇಲ್ಲದವರಿಂದ ಉಸಿರು ತೆಗೆಸಿ, ಎದುರಿಗೆ ಕೂತವರ ಉಸಿರನ್ನೂ ನಿಲ್ಲಿಸಿಟ್ಟಿದ್ದಾನೆ. ದೊಡ್ಡ ಮನುಷ್ಯ.

ತಿಂಗಳ ಕೊನೆಯ ದಿನ ನಿಲ್ದಾಣದ ಅಧಿಕಾರಿ ಚಹದ ಲೋಟ ಹಿಡಿದುಕೊಂಡು ತಾನೇ ಎರಡನೇ ಪ್ಲಾಟ್‌ಫಾರಂನಲ್ಲಿ ನಿಂತ. ನಾವೂ ಪಕ್ಕದಲ್ಲಿ ನಿಂತೆವು. ‘ಪ್ರಯಾಣಿಕರ ಗಮನಕ್ಕೆ’ ಎಂದು ಸ್ಪೀಕರು ಶುರುಮಾಡಿತು. ಕಂಬದ ಬಳಿ ಹೆಬ್ಬೆರಳಣ್ಣ ಬೂಟಿನ ದಾರ ಕಟ್ಟಿಕೊಳ್ಳುವವನಂತೆ ಬಗ್ಗಿದ. ಅವನ ಬೂಟಿಗೆ ದಾರವೇ ಇರಲಿಲ್ಲ. ಅಷ್ಟರಲ್ಲಿ ಬೇರೆ ಯಾವ ಊರಿನಿಂದಲೋ ಬಂದಿದ್ದ ಒಬ್ಬ ಹೊಸಬ ಕತ್ತು ಹಿಂದಕ್ಕೆ ಹಾಕಿ ಕೂಗಿದ.

“ಲೇ, ಬಾಯ್ಮುಚ್ಚು,” ಎಂದ ಹೆಬ್ಬೆರಳಣ್ಣ.

“ಯಾಕೋ?”

ಹೆಬ್ಬೆರಳಣ್ಣ ನಮ್ಮ ಕಡೆ ನೋಡಿದ. ಯಾಕೆಂದು ಹೇಳುವುದು ಅವನಿಗೂ ಸುಲಭವಿರಲಿಲ್ಲ. “ಉಸಿರು ತಪ್ಪು ಜಾಗದಲ್ಲಿ ಬಿಡ್ತಿದ್ದೀಯ. ಗೊತ್ತಿಲ್ದಿದ್ರೆ ಸುಮ್ನಿರು.”

ಹೊಸಬ ಕಕ್ಕಾಬಿಕ್ಕಿಯಾಗಿ ಇನ್ನೊಮ್ಮೆ ಪ್ರಯತ್ನಿಸಿದ. ಈಗ ಅದು ಕೆಮ್ಮಿನಂತೆ ಬಂತು. ಗುಂಪಿನಲ್ಲಿ ಯಾರೂ ನಗಲಿಲ್ಲ. ಗಾಡಿ ಬಂತು, ಜನ ಸರಿಯಾದ ಡಬ್ಬಿಗೆ ಹತ್ತಿದರು.

ಅಧಿಕಾರಿ ಟೋಪಿ ಸರಿಮಾಡಿಕೊಂಡ. “ಸದ್ಯಕ್ಕೆ ನಿಮ್ಮ ಮಾತೇ ಇರ್ಲಿ ಅಮ್ಮಾ. ಮುಂದಿನದು ನೋಡೋಣ,” ಅಂದ. ಕಚೇರಿಯವರು ‘ನೋಡೋಣ’ ಎಂದು ಇಟ್ಟದ್ದು ಯಾವತ್ತೂ ಅಲ್ಲಾಡಿದ್ದಿಲ್ಲ. ಆಮೇಲೆ, “ಮುಂದಿನ ವಾರ ಒಂದು ಹೊಸ ಗಾಡಿ ಶುರುವಾಗ್ತಿದೆ. ಅದರ ಹೆಸರನ್ನ ನಾಳೆ ರೆಕಾರ್ಡ್ ಮಾಡಿ ಕೊಡಿ,” ಎಂದೂ ಸೇರಿಸಿದ.

ಮರುದಿನ ಬೆಳಿಗ್ಗೆ ಅವಳು ಆ ಬೀರುವಿನಂಥ ಕೋಣೆಗೆ ಹೋದಳು. ಬಳೆ ತೆಗೆದಿಟ್ಟು ಮೈಕಿನ ಮುಂದೆ ನಿಂತಳು. ಗಾಜಿನಾಚೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಗುಂಡಿ ತಿರುಗಿಸುತ್ತ ಕುಳಿತಿದ್ದಳು.

“ಮೇಡಂ, ಮೈಕಿನ ಲೆವೆಲ್ ನೋಡ್ಕೋತೀನಿ. ಸುಮ್ನೆ ಒಂದು ಉಸಿರು ಕೊಡಿ.”

“ಉಸಿರು ನನ್ನ ಹತ್ರಾನೇ ಇರ್ಲಿ ಮರಿ,” ಎಂದಳು ನನ್ನ ಸೊಸೆ. “ನೀನು ಮಾತು ತಗೋ.”